ಹೊಸಮನಿ ಸರ್‌ಗೆ ಬಂದ ಮುಯ್ಯಾಳು

ಹೊಸಮನಿ ಸರ್ ಹಾಜರಿ ಕರೆಯುತ್ತಿರಲಿಲ್ಲ, ಅಂಗೈ ನೋಡುತ್ತಿದ್ದರು. ಸಮಾಜಶಾಸ್ತ್ರದ ತಾಸು ಶುರುವಾಗುವ ಮೊದಲೇ ಬಂದು ತರಗತಿಯ ಬಾಗಿಲಲ್ಲಿ ನಿಂತಿರುತ್ತಿದ್ದರು. ಒಳಗೆ ಹೋಗುವ ಪ್ರತಿಯೊಬ್ಬರೂ ಎರಡೂ ಕೈ ಚಾಚಿ ತೋರಿಸಬೇಕು. ಕನ್ನಡಕವನ್ನು ಹಣೆಗೇರಿಸಿ, ಬಗ್ಗಿ, ಬಳೆಗಾರ ಅಳತೆ ನೋಡುವ ಹಾಗೆ ನೋಡುವರು. ಮೊದಲ ದಿನ ನನ್ನ ಕೈ ಕಂಡು, "ಇವೇನ್ ತಂಗಿ, ಕೈನೋ ಬೆಣ್ಣಿನೋ? ಇವಕ್ಕ ಕೆಲಸ ಅನ್ನೂದು ಗೊತ್ತೈತೇನ?" ಎಂದು ಎಲ್ಲರೆದುರು ಕೇಳಿಬಿಟ್ಟರು. ಹುಡುಗರು ಕಿಸಕ್ಕನೆ ನಕ್ಕರು. ಮನೆಯಲ್ಲಿ ಅಪ್ಪನ ಅಂಗಿಯಿಂದ ಹಿಡಿದು ಅಜ್ಜಿಯ ಸೀರೆಯವರೆಗೆ ಒಗೆಯುವವಳು ನಾನೇ. ನನಗೆ ಎಂಥ ಸಿಟ್ಟು ಬಂತೆಂದರೆ, ಮರುದಿನ ರೊಟ್ಟಿ ಬಡಿದ ಹಿಟ್ಟಿನ ಕೈಯನ್ನು ಬೇಕೆಂದೇ ತೊಳೆಯದೆ ಹೋಗಿ ಅವರ ಮುಖದ ಮುಂದೆ ಹಿಡಿದೆ. ಸರ್ ಹಿಗ್ಗಿ ಹೀರೆಕಾಯಿಯಾದರು. "ಹಾಂ! ಇದು ಹಾಜರಿ ನೋಡು," ಎಂದರು.

ಅವರು ಟಿಕೋಟಾದವರು. ಉದ್ದನೆಯ ಒಣಕಲು ಮೈ, ಮೊಣಕೈವರೆಗೆ ಮಡಚಿದ ಬಿಳಿ ಅಂಗಿ. ನಮ್ಮ ಕಾಲೇಜಿನಲ್ಲಿ ಅವರದು ಹಂಗಾಮಿ ನೌಕರಿ. ಪ್ರತಿ ಜೂನ್ ಬಂದಾಗ ಅವರು ಇರುತ್ತಾರೋ ಇಲ್ಲವೋ ಎಂಬುದು ಹೊಸದಾಗಿ ತೀರ್ಮಾನವಾಗಬೇಕು. ಉಳಿದ ಹಂಗಾಮಿ ಅಧ್ಯಾಪಕರು ಪ್ರಿನ್ಸಿಪಾಲರ ಎದುರು ತಗ್ಗಿ ಬಗ್ಗಿ ನಡೆಯುತ್ತಿದ್ದರೆ ಇವರು ವಾದಕ್ಕೆ ನಿಲ್ಲುತ್ತಿದ್ದರು. ಹೆಗಲಿನ ಬಟ್ಟೆಯ ಚೀಲದಲ್ಲಿ ಪುಸ್ತಕಕ್ಕಿಂತ ಹೆಚ್ಚಾಗಿ ಜೋಳದ ತೆನೆ, ಕುರಿಯ ಉಣ್ಣೆ, ಕಳೆ ತೆಗೆಯುವ ಹಳೆಯ ಕುರ್ಚಿಗಿ, ಇಂಥವೇ ಇರುತ್ತಿದ್ದವು. ಪಾಠ ತಿಳಿಯಲಿಲ್ಲವೆಂದರೆ ಚೀಲಕ್ಕೆ ಕೈ ಹಾಕಿ ಏನಾದರೊಂದನ್ನು ತೆಗೆದು ನಮ್ಮ ಮುಂದೆ ಇಡುವರು. "ಮೊದಲ ಕೈ ಹಚ್ಚ್ರಿ. ತಲಿ ಆಮ್ಯಾಲೆ ಹಚ್ಚೂಣಂತ." ಅದಕ್ಕೇ ಬೆನ್ನ ಹಿಂದೆ ನಾವು ಅವರಿಗಿಟ್ಟ ಹೆಸರು 'ಕೈ ಹಚ್ಚು ಸರ್'.

ಅವರಿಗೆ ಆಗದೇ ಇದ್ದದ್ದು ಗೈಡು. ಪ್ರಶ್ನೆ, ಅದರ ಕೆಳಗೆ ಸಿದ್ಧ ಉತ್ತರ ಇರುವ ಆ ತೆಳು ಪುಸ್ತಕ ಕಂಡರೆ ಮೈಯೆಲ್ಲ ಉರಿದು ಬೀಳುವರು. ನಮ್ಮ ತರಗತಿಯ ಬಸವರಾಜ ಒಮ್ಮೆ ಡೆಸ್ಕಿನ ಕೆಳಗೆ ಗೈಡು ಇಟ್ಟುಕೊಂಡು ಓದುತ್ತಿದ್ದ. ಸರ್ ಅದನ್ನು ಕಿತ್ತುಕೊಂಡು ಕಿಟಕಿಯಿಂದ ಹೊರಗೆ ಎಸೆದರು. ಮುಂದಿನ ಎರಡು ಮಾತು ಪಾಠ ಮಾಡಿರಲಿಕ್ಕಿಲ್ಲ, ತಾವೇ ಚಡಪಡಿಸತೊಡಗಿದರು. ಆಮೇಲೆ ದಡದಡನೆ ಮೆಟ್ಟಿಲಿಳಿದು ಹೋಗಿ, ಗೈಡನ್ನು ಹುಡುಕಿ, ಮಣ್ಣು ಕೊಡವಿ ತಂದು ಬಸವರಾಜನ ಮುಂದಿಟ್ಟರು. "ಓದಬ್ಯಾಡ ಲೇ. ಆದರ ಕಳಕೋಬ್ಯಾಡ. ನಿಮ್ಮಪ್ಪ ದುಡದದ್ದೈತಿ ಅದರಾಗ." ಅವರ ಸಿಟ್ಟಿಗೆ ಅಷ್ಟೇ ಆಯುಷ್ಯ.

ನಮಗೆ ಆ ವರ್ಷ 'ಗ್ರಾಮೀಣ ಸಮಾಜ' ಎಂಬ ಒಂದು ಪೇಪರಿತ್ತು. ಅದನ್ನು ಪರೀಕ್ಷೆಯ ಹಾಲಿನಲ್ಲಿ ಕೂತು ಬರೆಯುವುದೇ ಬೇಡ ಎಂದು ಸರ್ ಹಟ ಹಿಡಿದರು. ಹುಡುಗರು ಸುಗ್ಗಿಯ ಕಾಲದಲ್ಲಿ ಒಂದು ಹಳ್ಳಿಗೆ ಹೋಗಿ ಅಲ್ಲಿಯ ಮನೆಗಳಲ್ಲಿ ಉಳಿದು, ಅವರ ಹೊಲದಲ್ಲಿ ದುಡಿಯಬೇಕು. ಕಂಡದ್ದನ್ನು, ಮಾಡಿದ್ದನ್ನು ಪರೀಕ್ಷಕರ ಮುಂದೆ ಬಾಯಿಂದ ಹೇಳಬೇಕು. ಅದಕ್ಕೇ ಮಾರ್ಕ್ಸು. ಈಗ ಇಂಥದ್ದಕ್ಕೆ ದೊಡ್ಡ ದೊಡ್ಡ ಹೆಸರುಗಳು ಬಂದಿವೆ, ಕಾಲೇಜುಗಳು ಅದರ ಫೋಟೋ ತೆಗೆಸಿ ಗೋಡೆಗೆ ಹಾಕುತ್ತವೆ. ಎಪ್ಪತ್ತರ ದಶಕದ ವಿಜಾಪುರದಲ್ಲಿ ಅದಕ್ಕೆ ಇದ್ದ ಹೆಸರು ಒಂದೇ, ಹೊಸಮನಿಯ ಹುಚ್ಚು. ಪರವಾನಗಿ ಕೇಳಲು ಸರ್ ಯುನಿವರ್ಸಿಟಿಗೆ ಹೋದರು. "ಶುರು ಮಾಡಿ, ನೋಡೋಣ," ಎಂದರಂತೆ ಅಲ್ಲಿಯವರು. ಸರ್‌ಗೆ ಕೇಳಿಸಿದ್ದು 'ಶುರು ಮಾಡಿ'. ಅವರು ಹೇಳಿದ್ದು 'ನೋಡೋಣ'. ನಮ್ಮೆಲ್ಲರ ಕಷ್ಟ ಅಲ್ಲಿಂದ ಶುರುವಾಯಿತು.

ಹಾಗೆ ನಾವು ಹೋದದ್ದು ಬಬಲೇಶ್ವರದ ಆಚೆಯ ಮಮದಾಪುರಕ್ಕೆ. ಶನಿವಾರ ಮಧ್ಯಾಹ್ನದ ಬಸ್ಸು ಹಿಡಿದು ಹೋದರೆ ಭಾನುವಾರ ಸಂಜೆ ತಿರುಗಿ ಬರುವುದು. ಹುಡುಗಿಯರನ್ನು ಇಳಿಸಿದ್ದು ಭೀಮವ್ವನ ಮನೆಯಲ್ಲಿ. ಅವಳ ಗಂಡ ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದ. ಕೆರೆಯ ಕೆಳಗಿನ ಹೊಲ, ಮನೆ, ಎತ್ತು ಎಲ್ಲ ಇವಳದೇ ಕಾರಭಾರ. ದೊಡ್ಡ ಗಂಟಲಿನ, ಯಾರ ಮಾತೂ ಕೇಳದ ಹೆಂಗಸು. ನಮ್ಮನ್ನು ಕಂಡ ಕೂಡಲೇ, "ಇವನ್ನ ದುಡಿಸಾಕ ತಂದೀರೋ, ನಾ ಸಾಕಾಕ ತಂದೀರೋ?" ಎಂದು ಸರ್ ಅವರನ್ನು ಕೇಳಿದಳು.

ಹೊಲದಲ್ಲಿ ಕುಸುಬಿ ಒಣಗಿ ನಿಂತಿತ್ತು. ಕುಸುಬಿಯ ಗಿಡವೆಂದರೆ ಮೈಯೆಲ್ಲ ಮುಳ್ಳು. ಬೆಳಗಿನ ಇಬ್ಬನಿ ಆರುವ ಮೊದಲೇ ಕೊಯ್ಯಬೇಕು, ಬಿಸಿಲೇರಿತೆಂದರೆ ಕೈಯಿಡಲು ಬಿಡುವುದಿಲ್ಲ. ಹರಕು ಅರಿವೆಯನ್ನು ಕೈಗೆ ಸುತ್ತಿಕೊಂಡರೂ ಮುಳ್ಳು ಒಳಗೆ ದಾರಿ ಮಾಡಿಕೊಳ್ಳುತ್ತದೆ. ಮೊದಲ ವಾರ ನಾನು ಹೊಲದ ಬದುವಿನಲ್ಲಿ ಕೂತು ಅತ್ತೆ. ಸೋಮವಾರ ತರಗತಿಯ ಬಾಗಿಲಲ್ಲಿ ಸರ್ ನನ್ನ ಅಂಗೈಯನ್ನು ಬಹಳ ಹೊತ್ತು ನೋಡಿದರು. ಏನೂ ತಮಾಷೆ ಮಾಡಲಿಲ್ಲ. "ಎಣ್ಣಿ ಹಚ್ಚಕೋ ಯವ್ವಾ," ಎಂದಷ್ಟೇ ಹೇಳಿದರು.

ಭೀಮವ್ವ ನಮಗೆ ಕೂಲಿ ಕೊಡಲಿಲ್ಲ. ನಾವು ಕೇಳಲೂ ಇಲ್ಲ. ಆದರೆ ಅವಳ ಮನಸ್ಸಿನಲ್ಲಿ ಅದು ಪುಕ್ಕಟೆ ಕೆಲಸವಾಗಿರಲಿಲ್ಲ, ಮುಯ್ಯಾಳಾಗಿತ್ತು. ಅಲ್ಲಿಯ ಒಕ್ಕಲುತನವೆಲ್ಲ ನಡೆಯುವುದು ಹಾಗೆಯೇ. ಇಂದು ನೀವು ನಮ್ಮ ಹೊಲಕ್ಕೆ ಬಂದರೆ ನಾಳೆ ನಿಮ್ಮ ಕೆಲಸಕ್ಕೆ ನಾವು. ಮಧ್ಯಾಹ್ನ ಮನೆಯವರೂ ಮುಯ್ಯಾಳುಗಳೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು, ಹಾಗೆ ಉಂಡರೆ ಮಾತ್ರ ಆ ದಿನದ ದುಡಿಮೆ ದುಡಿಮೆ. ನಾವೂ ಸಾಲಿನಲ್ಲಿ ಕೂತು ಜೋಳದ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ ಬಾರಿಸುತ್ತಿದ್ದೆವು. ಸರ್ ಮಾತ್ರ ನಮ್ಮೊಂದಿಗೆ ಕೂರುತ್ತಿರಲಿಲ್ಲ. "ನಂದು ಬುತ್ತಿ ಐತಿ," ಎಂದು ಚೀಲ ಎತ್ತಿಕೊಂಡು ಹೊಲದ ಅಂಚಿನ ಬೇವಿನ ಗಿಡದ ಕೆಳಗೆ ಹೋಗಿಬಿಡುವರು. ಯಾಕೆಂದು ಊರಿನವರಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಸರ್ ಹುಟ್ಟಿದ್ದು ಟಿಕೋಟಾದ ಊರ ಹೊರಗಿನ ಕೇರಿಯಲ್ಲಿ. ಭೀಮವ್ವ ಅವರನ್ನು ಸಾಲಿಗೆ ಬನ್ನಿ ಎಂದು ಕರೆಯಲಿಲ್ಲ, ಅವರೂ ಕರೆಯುವ ಸಂದರ್ಭ ತಂದುಕೊಡಲಿಲ್ಲ.

ಒಮ್ಮೆ ಬಸ್ಸಿಗೆ ಕಾಯುತ್ತ ನಿಂತಾಗ ನಾನೇ ಕೇಳಿದೆ, ನಿಮ್ಮ ಮನೆಯಲ್ಲೂ ಮುಯ್ಯಾಳು ಪದ್ಧತಿ ಇತ್ತೇ ಎಂದು. "ಮುಯ್ಯಾಳು ಹೊಲ ಇದ್ದವರಿಗೆ ತಂಗಿ," ಎಂದರು. "ಹೊಲ ಇಲ್ಲದವರಿಗೆ ಕೂಲಿ. ನಮ್ಮವ್ವ ಊರ ಮಂದಿ ಹೊಲ ಎಲ್ಲಾ ಕಳೆ ತಗದಾಳ. ನಮ್ಮ ಮನಿ ಬಾಗಲಕ್ಕ ಮುಯ್ಯಾಳು ಅಂತ ಒಬ್ಬರೂ ಬಂದಿಲ್ಲ. ಬರಾಕ ಕೆಲಸರ ಎಲ್ಲಿತ್ತು ನಮ್ಮದು?" ನಗುತ್ತಲೇ ಹೇಳಿದರು.

ಇತ್ತ ಪರವಾನಗಿ ಬರಲೇ ಇಲ್ಲ. ಸರ್ ರಜೆ ಹಾಕಿ ಯುನಿವರ್ಸಿಟಿಗೆ ಹೋಗುವುದು, ಬರಿಗೈಯಲ್ಲಿ ಬರುವುದು. ಒಬ್ಬರು ಇನ್ನೊಬ್ಬರ ಕಡೆ ಕಳಿಸುವರು, ಆ ಇನ್ನೊಬ್ಬರು ಊಟಕ್ಕೆ ಹೋಗಿರುವರು. ಸಂಕ್ರಾಂತಿ ಹೋಯಿತು, ಶಿವರಾತ್ರಿ ಬಂತು, ಪರೀಕ್ಷೆ ತಲೆಯ ಮೇಲೆ ಬಂದು ಕೂತಿತು. ಉಳಿದ ಕಾಲೇಜಿನ ಹುಡುಗರು ಆ ಪೇಪರನ್ನು ಎರಡೆರಡು ಸಲ ಓದಿ ಮುಗಿಸಿದ್ದರು. ನಾವು ಪುಸ್ತಕ ತೆರೆದಿರಲಿಲ್ಲ. ಸರ್ ಮುಖದಲ್ಲಿ ಗಡ್ಡ ಬೆಳೆಯಿತು. ಆದರೂ ಕೇಳಿದರೆ, "ಬರ್ತೈತಿ. ಬರದ ಎಲ್ಲಿ ಹೋಗ್ತೈತಿ?" ಎನ್ನುವರು.

ನನ್ನ ಅಪ್ಪ ಕೋರ್ಟಿನಲ್ಲಿ ಗುಮಾಸ್ತ. ಮಗಳು ಹೊಲಕ್ಕೆ ಹೋಗಿ ಕೈ ಹರಿದುಕೊಂಡು ಬರುವುದನ್ನು ಅಷ್ಟು ದಿನ ಹಲ್ಲು ಕಚ್ಚಿ ಸಹಿಸಿದ್ದ. ಶಿವರಾತ್ರಿಯ ಮರುದಿನ ಕೂರಿಸಿ ಕೇಳಿದ. "ಸುಮೀ, ಈ ಪೇಪರ್ ಇಲ್ಲ ಅಂತ ಯುನಿವರ್ಸಿಟಿ ಅಂದುಬಿಟ್ಟರ ಏನ್ ಮಾಡ್ತಿ? ಒಂದರಾಗ ಹೋದರ ಎಲ್ಲಾ ಹೋದಂಗ. ಮುಂದಿನ ವರ್ಷ ಮತ್ತ ಕಾಲೇಜು ಅನ್ನೂದು ನನ್ನ ಕೈಲೆ ಆಗೂದಿಲ್ಲ ನೋಡು, ಈಗ ಹೇಳಿಬಿಟ್ಟೀನಿ." ಸುಮ್ಮನೆ ಹೆದರಿಸಲು ಹೇಳಿದ್ದಲ್ಲ ಅದು. ನನ್ನ ಹಿಂದೆ ಇನ್ನೂ ಇಬ್ಬರು ತಂಗಿಯರಿದ್ದರು. ನನ್ನ ಓದು, ನನ್ನ ಮುಂದಿನ ದಿನ ಎಲ್ಲ ಆ ಒಂದು ಒಪ್ಪಿಗೆಗೆ ಜೋತುಬಿದ್ದಿತ್ತು. ತರಗತಿಯ ಎಲ್ಲರ ಮನೆಯಲ್ಲೂ ಇದೇ ಗೋಳು. ಬಸವರಾಜನ ಅಪ್ಪನಂತೂ ಕಾಲೇಜಿಗೇ ಬಂದು ಸರ್ ಅವರ ಅಂಗಿ ಹಿಡಿದೆಳೆದಿದ್ದ. ಸರ್ ಸುಮ್ಮನೆ ನಿಂತು ಎಳೆಸಿಕೊಂಡರು.

ಕೊನೆಗೆ ಯುನಿವರ್ಸಿಟಿ ಒಂದು ಕಮಿಟಿಯನ್ನು ಕಳಿಸುವುದೆಂದಾಯಿತು. ಅವರು ಸೋಮವಾರ ಕಾಲೇಜಿಗೆ ಬಂದು ನಮ್ಮನ್ನು ಪ್ರಶ್ನೆ ಕೇಳುತ್ತಾರೆ, ನಾವು ಕಲಿತದ್ದು ಕಲಿತದ್ದೇ ಹೌದು ಎನಿಸಿದರೆ ಪೇಪರ್ ಉಳಿಯುತ್ತದೆ. ಅದರ ಹಿಂದಿನ ಭಾನುವಾರ ನಾವು ಮಮದಾಪುರದಲ್ಲಿದ್ದೆವು. ಕುಸುಬಿಯ ಕೊಯ್ಲು ಅಂದಿಗೆ ಮುಗಿಯಿತು. ಭೀಮವ್ವ ಸರ್ ಹತ್ತಿರ ಬಂದು, "ನಮ್ಮ ಕೆಲಸ ಮುಗೀತ್ರಿ. ಇನ್ನ ನಿಮ್ಮದು ಯಾವಾಗ ಐತಿ ಹೇಳ್ರಿ. ಆಳು ತಿರುಗಿಸಬೇಕಲ್ಲ?" ಎಂದಳು.

ಸರ್‌ಗೆ ಆ ದಿನಗಳಲ್ಲಿ ತಲೆಯ ತುಂಬ ಕಮಿಟಿಯೇ. ನಕ್ಕು, "ನಮ್ಮ ಕೆಲಸ ನಾಳಿ ಐತಿ ಭೀಮವ್ವಾ. ಕಾಲೇಜಿಗೆ ದೊಡ್ಡ ಮಂದಿ ಬರಾಕತ್ತಾರ. ನಾಳಿ ಒಂದ ದಿನ ದಾಟಿತಂದ್ರ ನಾವು ಬದುಕಿದಂಗ," ಎಂದರು. ಭೀಮವ್ವ, "ಹಂಗೇನ್ರಿ," ಎಂದು ತಲೆಯಾಡಿಸಿ ಹೋದಳು. ಅವಳು ಮುಂದೇನೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಬಸ್ಸು ಬಂತು, ಹತ್ತಿದೆವು.

ತುರ್ತು ಪರಿಸ್ಥಿತಿಯ ದಿನಗಳವು. ನಾಲ್ಕು ಜನ ಒಂದೆಡೆ ನಿಂತರೆ ಯಾಕೆ ನಿಂತಿರಿ ಎಂದು ಕೇಳುವ ಕಾಲ. ಕಮಿಟಿಯವರು ಬೆಳಿಗ್ಗೆಯೇ ಬಂದರು, ಸೂಟು ಹಾಕಿದ ಹಿರಿಯರೊಬ್ಬರು ಮುಂದೆ, ಜೊತೆಗೆ ಇನ್ನಿಬ್ಬರು. ಮೊದಲು ಬಸವರಾಜನನ್ನು ಒಳಗೆ ಕರೆದರು. ಅವನು ಚೆನ್ನಾಗಿ ಹೇಳಿದ. ಕುರಿ ಹಿಂಡನ್ನು ರಾತ್ರಿ ಹೊಲದಲ್ಲಿ ಯಾಕೆ ತರುಬಿ ನಿಲ್ಲಿಸುತ್ತಾರೆ, ಅದಕ್ಕೆ ಬದಲಾಗಿ ಏನು ಕೊಡುತ್ತಾರೆ ಎಂದು ಅವನು ವಿವರಿಸುತ್ತಿದ್ದರೆ ಹಿರಿಯರು ತಲೆದೂಗುತ್ತಿದ್ದುದನ್ನು ಬಾಗಿಲ ಸಂದಿಯಿಂದ ನಾನು ಕಂಡಿದ್ದೇನೆ. ಹೊರಗೆ ಸರ್ ಗೋಡೆಗೆ ಒರಗಿ, ಕಣ್ಣು ಮುಚ್ಚಿ ನಿಂತಿದ್ದರು. ಮುಂದಿನ ಸರದಿ ನನ್ನದು.

ಆಗ ಗೇಟಿನ ಕಡೆಯಿಂದ ಭೀಮವ್ವನ ದೊಡ್ಡ ಗಂಟಲು ಕೇಳಿಸಿತು.

ಮಮದಾಪುರದ ಮಂದಿ ಬಂದಿದ್ದರು. ನಾವು ಯಾರ ಯಾರ ಹೊಲದಲ್ಲಿ ದುಡಿದಿದ್ದೆವೋ ಆ ಎಲ್ಲ ಮನೆಗಳಿಂದ, ಗಂಡಸರು ಹೆಂಗಸರು, ಒಂದು ದಂಡು. ಹೆಂಗಸರು ಸೀರೆ ಕಚ್ಚೆ ಹಾಕಿದ್ದರು, ತಲೆಯ ಮೇಲೆ ಬುತ್ತಿಯ ಗಂಟು. ಮುಯ್ಯಾಳು ಹೋಗುವವರು ತಮ್ಮ ಆಯುಧ ತಾವೇ ಒಯ್ಯಬೇಕಲ್ಲ, ಎಲ್ಲರ ಕೈಯಲ್ಲೂ ಕುಡುಗೋಲು. ಕಾಲೇಜಿನಲ್ಲಿ ಹೊಲ ಇರುವುದಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಕೆಲಸ ಎಂದಿದ್ದಾರೆ, ಹುಲ್ಲು ಕೊಯ್ಯುವುದೋ ಮುಳ್ಳು ಕಡಿಯುವುದೋ ಏನೋ ಒಂದು ಇದ್ದೇ ಇರುತ್ತದೆ, ನಮ್ಮ ಪಾಳಿ ನಾವು ತಪ್ಪಿಸಬಾರದು, ಅಷ್ಟೇ ಅವರ ವಿಚಾರ. "ಹೊಸಮನಿ ಸರ್‌ಗೆ ಮುಯ್ಯಾಳು ಬಂದೀವಪಾ, ಗೇಟ್ ತಗಿ," ಎಂದು ಭೀಮವ್ವ ಕಾವಲುಗಾರನಿಗೆ ಹೇಳುತ್ತಿದ್ದಳು. ಕಾವಲುಗಾರನೂ ಹಳ್ಳಿಯವನೇ, ಅವನಿಗೆ ಪೂರ್ತಿ ಅರ್ಥವಾಗಿತ್ತು. ಅರ್ಥವಾಗಿ ಬಾಗಿಲು ತೆರೆದೂಬಿಟ್ಟ.

ಒಳಗಿದ್ದ ಕಮಿಟಿಯವರು ಕಿಟಕಿಯಿಂದ ಕಂಡದ್ದು ಮಾತ್ರ ಅಂಗಳದ ತುಂಬ ಕುಡುಗೋಲು ಹಿಡಿದ ಜನ. ಹಿರಿಯರು ಎದ್ದು ಹೊರಗೆ ಬಂದರು. "ಹೊಸಮನಿಯವರೇ, ನಮ್ಮನ್ನು ಹೆದರಿಸಲು ಜನ ಕರೆಸಿದ್ದೀರಾ?" ಎಂದರು.

"ಹೆದರಿಸಾಕಲ್ರಿ ಸಾಹೇಬ್ರ, ದುಡ್ಯಾಕ ಬಂದಾರ," ಎಂದು ಸರ್ ಓಡಿ ಬಂದರು. "ನೋಡ್ರಿ, ನಾವು ಪುಸ್ತಕದಾಗ ಓದತೀವಲ್ರಿ, ಅದ ಇದು. ನಮ್ಮ ಹುಡುಗರು ಅವರ ಹೊಲದಾಗ ದುಡದಾರ, ಅದನ್ನ ತಿರುಗಿಸಾಕ ಬಂದಾರ. ಇದಕ್ಕಿಂತ ಬ್ಯಾರೆ ಪುರಾವೆ ಏನ್ ಬೇಕ್ರಿ? ಅವರನ್ನ ಕೇಳ್ರಿ ನೀವು. ಬರ್ರಿ, ಒಂದ್ ಸಲ ಮಾತಾಡಿ ನೋಡ್ರಿ." ಅವರು ಹಿರಿಯರ ಕೈ ಹಿಡಿದುಕೊಂಡರು. ಹಿರಿಯರು ಕೈ ಕಿತ್ತುಕೊಂಡರು. ಅಷ್ಟರಲ್ಲಿ ಯಾರೋ ಫೋನು ಮಾಡಿಯಾಗಿತ್ತು, ಪೊಲೀಸ್ ಫೌಜದಾರರ ಜೀಪು ಬಂದು ನಿಂತಿತು.

ನಮ್ಮ ಪ್ರಿನ್ಸಿಪಾಲರು ಕೆಟ್ಟವರಲ್ಲ, ಅಂಜುಬುರುಕರು. ಸರ್ ಅವರನ್ನು ಕಂಬದ ಮರೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದ್ದು ಪಕ್ಕದಲ್ಲೇ ನಿಂತಿದ್ದ ನನಗೆ ಕೇಳಿಸಿತು. "ನಾ ಕರಸಿಲ್ಲ, ಇವರು ಯಾರೋ ನನಗ ಗೊತ್ತಿಲ್ಲ ಅಂತ ಒಂದ ಮಾತ ಅಂದಬಿಡ್ರಿ ಹೊಸಮನಿ. ಕಮಿಟಿಯವರಿಗೆ ನಾ ಕಾಲ ಬೀಳ್ತೀನಿ. ಪೇಪರ್ರೂ ಉಳೀತೈತಿ, ನೌಕರೀನೂ ಉಳೀತೈತಿ." ಅದು ಸುಳ್ಳೂ ಆಗಿರಲಿಲ್ಲ, ಅವರು ಯಾರನ್ನೂ ಕರೆಸಿರಲಿಲ್ಲವಲ್ಲ. ಹೇಳಿಬಿಡಿ ಸರ್, ದೇವರಾಣೆ ಹೇಳಿಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ನನ್ನ ಇಡೀ ಬಾಳು ಆ ಒಂದು ಮಾತಿನ ಮೇಲೆ ನಿಂತಿತ್ತು.

ಫೌಜದಾರರು ಅಂಗಳದ ಮಧ್ಯೆ ನಿಂತು ಗದರಿಸಿದರು. "ಯಾರು ಕರಸಿದರು ಇವರನ್ನ? ಯಾರೂ ಕರಸಿಲ್ಲ ಅಂದರ ತಾವಾಗೇ ಕುಡಗೋಲು ಹಿಡಕೊಂಡು ಬಂದಾರಂತ ಆಗ್ತೈತಿ. ಎಲ್ಲಾರನೂ ಠಾಣೆಕ್ಕ ಒಯ್ಯೂದ." ಭೀಮವ್ವನಿಗೆ ಆಗಲೂ ಏನೂ ತಿಳಿದಿರಲಿಲ್ಲ. ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸರ್ ಮುಖವನ್ನೇ ನೋಡುತ್ತ, "ಕೆಲಸ ತೋರಸ್ರಿ ಸರಾ, ಹೊತ್ತೇರಾಕತ್ತೈತಿ," ಎಂದಳು.

ಸರ್ ಅವಳನ್ನು ನೋಡಿದರು. ನಮ್ಮನ್ನೂ ಒಮ್ಮೆ ನೋಡಿದರು. ಆಮೇಲೆ ಮುಂದೆ ಹೋಗಿ, "ನಾನ ಕರಸೀನ್ರಿ. ನನ್ನ ಕೆಲಸಕ್ಕ ಬಂದಾರ ಅವರು. ಏನಿದ್ದರೂ ನನ್ನ ಕೇಳ್ರಿ," ಎಂದರು.

ಅಲ್ಲಿಗೆ ಮುಗಿಯಿತು. ಊರಿನವರನ್ನು ಬೈದು ಬಸ್ಸು ಹತ್ತಿಸಿದರು. ಸರ್ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು, ಸಂಜೆಗೆ ಬಿಟ್ಟರು. ಕಮಿಟಿಯವರು ಉಳಿದ ಯಾರನ್ನೂ ಕೇಳದೆ ಹೊರಟುಹೋದರು. ಆ ವಾರವೇ ಬಾಯಿಂದ ಹೇಳುವ ಪೇಪರ್ ರದ್ದಾಯಿತು, ಎಲ್ಲರ ಹಾಗೆ ನಾವೂ ಹಾಲಿನಲ್ಲಿ ಕೂತು ಬರೆಯಬೇಕೆಂದು ಹೇಳಿಕಳಿಸಿದರು. ಹೊಸಮನಿ ಸರ್ ನೌಕರಿ ಹೋಯಿತು. ಕಾಲೇಜಿನ ಆವರಣದೊಳಗೆ ಕಾಲಿಡಕೂಡದೆಂದೂ ಆಯಿತು. ನಾನು ಮನೆಗೆ ಹೋಗಿ ಅಡುಗೆಮನೆಯ ಮೂಲೆಯಲ್ಲಿ ಕೂತುಬಿಟ್ಟೆ. ಅವರ ಮೇಲೆ ನನಗೆ ಬಂದಿದ್ದ ಸಿಟ್ಟು ಇಂಥದ್ದೆಂದು ಹೇಳಲಾರೆ. ಮಮದಾಪುರದವರನ್ನು ಉಳಿಸಿದರು, ನಮ್ಮನ್ನು ಕೊಂದರು ಎಂದು ಅಪ್ಪನ ಎದುರು ಅತ್ತೆ.

ಮರುದಿನ ಬಸವರಾಜ ಸೈಕಲ್ ತುಳಿದುಕೊಂಡು ಬಂದ. "ಸರ್ ಕರಿಯಾಕತ್ತಾರ. ಎಲ್ಲಾರೂ ಅವರ ಖೋಲಿಗೆ ಬರಬೇಕಂತ. ನನ್ನ ಗೈಡೂ ತರಾಕ ಹೇಳ್ಯಾರ." ನಾನು ನಂಬಲಿಲ್ಲ.

ಜಲನಗರದಲ್ಲಿ ಒಂದು ಮನೆಯ ಹಿಂಭಾಗದ ಖೋಲಿ ಅವರದು. ಹೊರಗೆ ಮೋಟು ಗೋಡೆಯ ಪುಟ್ಟ ಅಂಗಳ, ಗೋಡೆಯ ಬುಡದಲ್ಲಿ ಕಸದ ಗಿಡಗಳು. ಒಳಗೆ ಚಾಪೆ ಹಾಸಿ ನಮ್ಮನ್ನು ಕೂರಿಸಿದರು. ಬಾಗಿಲಲ್ಲಿ ಅಂಗೈ ನೋಡಲಿಲ್ಲ. ಬಸವರಾಜನ ಗೈಡನ್ನು ತೆರೆದು, "ಬರಕೋರಿ," ಎಂದರು. ಅದು ಅವರ ದನಿಯಂತೆ ಇರಲೇ ಇಲ್ಲ. ಅಂದಿನಿಂದ ಪರೀಕ್ಷೆಯವರೆಗೆ ಪ್ರತಿ ಮಧ್ಯಾಹ್ನ ಆ ಕಾದ ತಗಡಿನ ಸೂರಿನ ಕೆಳಗೆ ಅವರು ಗೈಡು ಓದಿ ಹೇಳುವುದು, ನಾವು ಬರೆದುಕೊಳ್ಳುವುದು, ಬಾಯಿಪಾಠ ಮಾಡಿ ಒಪ್ಪಿಸುವುದು. ತಪ್ಪಿದರೆ ಮತ್ತೆ ಹೇಳಿಸುವರು. "ನಿಮ್ಮನ್ನ ನಪಾಸ್ ಮಾಡಿಸಿ ನಾ ಎಲ್ಲಿ ಹೋಗ್ಲಿ? ಕಲಿಯೂದು ಆಮ್ಯಾಲೆ, ಮೊದಲ ಪಾಸ್ ಆಗ್ರಿ," ಎನ್ನುವರು. ಇಂಥ ಮಾತು ಅವರ ಬಾಯಿಂದ ಬಂದಾಗಲೆಲ್ಲ ನನಗೆ ಎದ್ದು ಓಡಿಹೋಗಬೇಕು ಎನಿಸುತ್ತಿತ್ತು.

ಕೊನೆಯ ದಿನ ಸಣ್ಣ ಟಿಪ್ಪಣಿಗಳು ಉಳಿದಿದ್ದವು. ಸರ್ ಪುಟ ತಿರುವಿ ಓದಿದರು. "ಗ್ರಾಮೀಣ ಸಮಾಜದಲ್ಲಿ ಮುಯ್ಯಾಳು ಪದ್ಧತಿ. ಹಿಂದಿನ ಕಾಲದಲ್ಲಿ ರೈತರು ಒಬ್ಬರ ಹೊಲದಲ್ಲಿ ಒಬ್ಬರು ಕೂಲಿಯಿಲ್ಲದೆ ದುಡಿಯುತ್ತಿದ್ದರು. ಆಧುನಿಕ ಜೀವನದ ಪ್ರಭಾವದಿಂದ ಈ ಪದ್ಧತಿಯು..." ಅಲ್ಲಿ ನಿಂತರು. ನಾವೆಲ್ಲ ತಲೆ ಎತ್ತಿದೆವು. "ಈ ಪದ್ಧತಿಯು ಈಗ ಸಂಪೂರ್ಣವಾಗಿ ನಶಿಸಿಹೋಗಿದೆ."

"ಸರ್, ಹೋಗಿಲ್ಲಲ್ರಿ," ಎಂದ ಬಸವರಾಜ. "ಮೊನ್ನೆ ಗೇಟಿನ ತನಕ ಬಂದಿತ್ತಲ್ರಿ."

"ಬರಕೋ ತಮ್ಮಾ. ನಶಿಸಿಹೋಗಿದೆ ಅಂತ ಬರದರನ ಮಾರ್ಕ್ಸು ಕೊಡ್ತಾರ."

ಎಲ್ಲರೂ ಬರೆದುಕೊಂಡೆವು. ಉಳಿದವರು ಹೋದ ಮೇಲೆ ನಾನು ಒಬ್ಬಳೇ ನಿಂತೆ. ಕೊನೆಗೂ ಕೇಳಿಯೇಬಿಟ್ಟೆ. "ಯಾಕ್ ಹಂಗ ಅಂದ್ರಿ ಸರ್ ಅವತ್ತ? ಕರಸಿಲ್ಲ ಅಂದಿದ್ದರ ಎಲ್ಲಾ ಉಳೀತಿತ್ತು."

ಸರ್ ಗೈಡನ್ನು ಮಡಚಿ ಚಾಪೆಯ ಮೇಲಿಟ್ಟರು. "ನಮ್ಮವ್ವ ಸಾಯೂತನಕ ದುಡದಳು ತಂಗಿ. ನಮಗಂತ ಮುಯ್ಯಾಳು ಬಂದದ್ದು ಹುಟ್ಟಿದಾಗಿಂದ ಅದೊಂದ ಸಲ. ಬಾಗಲಕ್ಕ ಬಂದವರನ್ನ ಇವರು ನಮ್ಮವರಲ್ಲ ಅನ್ನಾಕ ನನ್ನ ಬಾಯಿ ಏಳಲಿಲ್ಲ. ನಿಮ್ಮನ್ನ ಅಡಾ ಇಟ್ಟಂಗ ಆಗ್ತೈತಿ ಅಂತ ಗೊತ್ತಿತ್ತು. ಆದರೂ ಏಳಲಿಲ್ಲ." ಅಷ್ಟು ಹೇಳಿ ಮುಖ ಆಚೆ ತಿರುಗಿಸಿದರು. ನಾನು ಚಪ್ಪಲಿ ಮೆಟ್ಟಿ ಬಂದೆ. ಅದೇ ನಾನು ಅವರನ್ನು ಕಡೆಯದಾಗಿ ಕಂಡದ್ದು.

ಪರೀಕ್ಷೆಯಲ್ಲಿ ಆ ಟಿಪ್ಪಣಿ ಬಂದಿತ್ತು. ಸರ್ ಹೇಳಿದ ಹಾಗೆಯೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಬರೆದೆ. ಪಾಸಾಗುತ್ತೇನೆಂಬುದು ಆಗಲೇ ಖಾತ್ರಿಯಾಯಿತು, ಆಗಿಯೂ ಆದೆ. ಗಂಟೆ ಹೊಡೆದದ್ದೇ ತಡ, ಬಿಸಿಲಲ್ಲಿ ನಡೆದುಕೊಂಡೇ ಜಲನಗರಕ್ಕೆ ಹೋದೆ. ಅದು ಬಂದಿತ್ತು ಸರ್, ಬರೆದೆವು ಎಂದು ಅವರಿಗೆ ಹೇಳಬೇಕಿತ್ತು.

ಖೋಲಿಗೆ ಬೀಗ. ಮುಂಜಾನೆಯೇ ಟ್ರಂಕು ಎತ್ತಿಕೊಂಡು ಹೋದರೆಂದು ಮನೆಯ ಮಾಲಕಿ ಹೇಳಿದಳು. ಸೊಲ್ಲಾಪುರದ ಕಡೆಗಿರಬೇಕು ಎಂದಳು, ಮತ್ತೆ ತಾನೇ ಯಾರಿಗೆ ಗೊತ್ತು ಎಂದಳು. ಆಮೇಲೆ ಎಷ್ಟೋ ವರ್ಷ ನಾನು ಟಿಕೋಟಾದವರು ಸಿಕ್ಕಾಗಲೆಲ್ಲ ಕೇಳಿದ್ದೇನೆ, ಯಾರಿಗೂ ಸುಳಿವಿಲ್ಲ. ಅಂದು ಬೀಗ ಹಾಕಿದ ಬಾಗಿಲ ಮುಂದೆ ನನಗಿಂತ ಮೊದಲೇ ಒಬ್ಬಳು ಬಂದು ಕೂತಿದ್ದಳು, ಭೀಮವ್ವ. ಪಕ್ಕದಲ್ಲಿ ಬುತ್ತಿಯ ಗಂಟು. ಕುಡುಗೋಲು ತಂದಿರಲಿಲ್ಲ, ಕುರ್ಚಿಗಿ ತಂದಿದ್ದಳು.

"ನಮ್ಮಿಂದ ಅವರ ನೌಕರಿ ಹೋತಂತಲ್ಲವ್ವಾ," ಎಂದಳು. ಆ ದೊಡ್ಡ ಗಂಟಲು ಕೇಳಿಸದಷ್ಟು ಸಣ್ಣದಾಗಿತ್ತು. "ಬಬಲೇಶ್ವರ ಸಂತ್ಯಾಗ ಯಾರೋ ಅಂದರು, ಕಾಲೇಜಿನ ಗೇಟಿನಾಂವ ಈ ಮನಿ ತೋರಿಸಿದ. ಕೆಲಸ ಮಾಡಿಕೊಡಾಕ ಹೋಗಿ ಕೆಲಸ ಕಳದ ಬಂದಿವಿ."

ಸರ್ ಇನ್ನು ಬರುವುದಿಲ್ಲವಂತೆ ಎಂದೆ. ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಎದ್ದು ಸೀರೆ ಕಚ್ಚೆ ಹಾಕಿ ಗೋಡೆಯ ಬುಡದಲ್ಲಿ ಕುಕ್ಕುರಗಾಲಲ್ಲಿ ಕೂತಳು. ಆ ಪುಟ್ಟ ಅಂಗಳದ ಕಸದ ಗಿಡಗಳನ್ನೆಲ್ಲ ಬೇರುಸಮೇತ ಕಿತ್ತಳು. ಮಾಲಕಿಯಿಂದ ಕಸಬರಿಗೆ ಇಸಿದುಕೊಂಡು ಗುಡಿಸಿದಳು, ಬಾಗಿಲ ಮುಂದೆ ನೀರು ಹೊಡೆದಳು. ನಾನೂ ಸೆರಗು ಸಿಕ್ಕಿಸಿ ಕೈ ಹಾಕಲು ಹೋದೆ. ಬೇಡವೆಂದು ತಡೆದಳು. ಮುಗಿದ ಮೇಲೆ ಕೈ ತೊಳೆದು, ಹೊಸ್ತಿಲ ಹತ್ತಿರ ಕೂತು ಗಂಟು ಬಿಚ್ಚಿದಳು. ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಇಬ್ಬರ ಊಟಕ್ಕೆ ಆಗುವಷ್ಟಿತ್ತು.

"ಹೊಲದಾಗ ಅವರು ದೂರ ಕುಂತು ಉಣ್ತಿದ್ದರು," ಎಂದಳು. "ನಾ ಒಮ್ಮೆರ ಕರೀಬೇಕಿತ್ತು. ಕರೀಲಿಲ್ಲ. ಇವತ್ತ ಇಲ್ಲೇ ಅವರ ಮನ್ಯಾಗ ಜೋಡಿ ಕುಂತು ಉಣ್ಣೂಣಂತ ತಂದಿದ್ದೆ."

"ಅವರ ಬದಲಿ ನಾ ಉಣ್ಣಲೇನಬೇ?" ಎಂದೆ. ಕಣ್ಣೀರು ತಡೆಯಲು ಆಗಲಿಲ್ಲ.

ಭೀಮವ್ವ ತಲೆ ಅಲ್ಲಾಡಿಸಿದಳು. "ನಿಂದು ಬ್ಯಾರೆ ಐತಿ, ಅವರದು ಬ್ಯಾರೆ ಐತಿ. ಮನಿಯವರು ಜೋಡಿ ಕುಂತು ಉಣ್ಣಲಿಲ್ಲಂದ್ರ ಇದು ಲೆಕ್ಕಕ್ಕ ಬರಂಗಿಲ್ಲ ಮಗಳ." ಬೀಗವನ್ನು ಒಮ್ಮೆ ನೋಡಿದಳು. ಆಮೇಲೆ ಒಂದೂ ತುತ್ತು ಮುರಿಯದೆ ಗಂಟನ್ನು ಮತ್ತೆ ಕಟ್ಟಿ ತಲೆಯ ಮೇಲಿಟ್ಟುಕೊಂಡು, ಬಬಲೇಶ್ವರದ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.